ಎಎಚ್‌ಐ 2 ಬಂದರೆ ರಾತ್ರಿ ಚೆನ್ನಾಗಿತ್ತು ಅಂತಲಾ?

ಸ್ಲೀಪ್ ಆಪ್ನಿಯಾಗೆ, ಅಂದರೆ ನಿದ್ದೆಯಲ್ಲಿ ಉಸಿರು ಮತ್ತೆ ಮತ್ತೆ ನಿಲ್ಲುವ ಕಾಯಿಲೆಗೆ, ಮಾಸ್ಕಿನ ಮೂಲಕ ಗಾಳಿ ಊದುವ ಸಿಪ್ಯಾಪ್ ಮೆಷೀನು ಹಾಕಿಕೊಂಡು ಮಲಗುವವರ ಮನೆಯಲ್ಲಿ ಬೆಳಗಾದರೆ ಒಂದು ಸಂಖ್ಯೆಯದ್ದೇ ಮಾತು. ನಿನ್ನೆ ಎಷ್ಟು ಬಂತು? ಎರಡು. ಮೊನ್ನೆ? ನಾಲ್ಕೂವರೆ. ಎರಡು ಬಂದರೆ ಎಲ್ಲರಿಗೂ ಸಮಾಧಾನ. ನಾಲ್ಕೂವರೆ ಬಂದರೆ ರಾತ್ರಿ ಏನೋ ಆಗಿದೆ ಅಂತ ಚಿಂತೆ. ಆ ಸಂಖ್ಯೆಯ ಹೆಸರು ಎಎಚ್‌ಐ. ಗಂಟೆಗೆ ಎಷ್ಟು ಸಲ ಉಸಿರು ನಿಂತಿತು ಅಥವಾ ಕುಗ್ಗಿತು ಎಂಬ ಲೆಕ್ಕ ಅದು.

ಲೆಕ್ಕ ಸುಳ್ಳಲ್ಲ. ಆದರೆ ಅದೊಂದನ್ನೇ ನೋಡಿ ರಾತ್ರಿ ಹೇಗಿತ್ತು ಅಂತ ಹೇಳಲು ಆಗುವುದಿಲ್ಲ. ಸಂಖ್ಯೆಯ ಹಿಂದೆ ಮೆಷೀನು ಬರೆದಿಟ್ಟ ಉಸಿರಿನ ಗೆರೆ, ಅಂದರೆ ಗ್ರಾಫ್ ಉಂಟು. ಆ ಗೆರೆ ನೋಡಬೇಕು. ಮಲಗಿ ಎದ್ದವರನ್ನೂ ಕೇಳಬೇಕು. ನಾನು ಉಡುಪಿಯಲ್ಲಿ ಅಮ್ಮನ ಜೊತೆ ಇದ್ದೇನೆ. ಅವಳ ಮೆಷೀನಿನ ಕಾರ್ಡನ್ನು ಲ್ಯಾಪ್‌ಟಾಪಿಗೆ ಹಾಕಿ ನೋಡುವುದು ನನ್ನ ಪಾಲಿನ ಕೆಲಸ. ಹೊಟ್ಟೆಪಾಡಿಗೆ ಲೆಕ್ಕಪತ್ರ ನೋಡುವವಳು ನಾನು. ಸರಾಸರಿ ಅನ್ನುವುದು ಎಷ್ಟೆಲ್ಲ ಮುಚ್ಚಿಡುತ್ತದೆ ಅಂತ ದಿನಾ ಕಾಣುತ್ತೇನೆ. ಅಮ್ಮನ ಉಸಿರಿನ ವಿಷಯದಲ್ಲಿ ಅದು ಮುಚ್ಚಿಟ್ಟದ್ದನ್ನು ಬಿಚ್ಚಿ ನೋಡದೆ ಇರಲು ನನಗೆ ಮನಸ್ಸು ಬರುವುದಿಲ್ಲ.

ಅಮ್ಮನಿಗೆ ಅರವತ್ತು ದಾಟಿದೆ. ದೊಡ್ಡ ಗೊರಕೆ ಯಾವತ್ತೂ ಇರಲಿಲ್ಲ. ಸ್ಲೀಪ್ ಆಪ್ನಿಯಾ ಅಂದರೆ ಹೊಟ್ಟೆ ಬಂದ, ಕುತ್ತಿಗೆ ದಪ್ಪಗಿರುವ, ಪಕ್ಕದ ಕೋಣೆಗೂ ಕೇಳುವಂತೆ ಗೊರಕೆ ಹೊಡೆಯುವ ಗಂಡಸರ ಕಾಯಿಲೆ ಅಂತ ನಮ್ಮಲ್ಲಿ ಒಂದು ಕಲ್ಪನೆ ಉಂಟು. ಹೆಂಗಸರಲ್ಲಿ ಎಷ್ಟೋ ಸಲ ಅದು ಬೇರೆ ಥರ ಕಾಣಿಸಿಕೊಳ್ಳುತ್ತದೆ. ಸುಸ್ತು, ಬೆಳಿಗ್ಗೆ ತಲೆನೋವು, ರಾತ್ರಿ ಮತ್ತೆ ಮತ್ತೆ ಎಚ್ಚರ, ಮನಸ್ಸಿಗೆ ಬೇಜಾರು. ಮುಟ್ಟು ನಿಂತ ಮೇಲೆ ಅಪಾಯ ಏರುತ್ತದೆ. ಅಮ್ಮನಿಗೆ ಇದೆಲ್ಲ ಇತ್ತು. "ವಯಸ್ಸಾಯ್ತಲ್ಲ ಮಾರಾಯ್ತಿ" ಅಂತ ಅವಳೇ ಅಂದಳು, ನೆಂಟರೂ ಅಂದರು. ಮಾತ್ರೆ ಜಾಸ್ತಿ ಮಾಡಿದರೂ ಬಿಪಿ ಇಳಿಯದೆ ಹೋದಾಗ ಡಾಕ್ಟರು ಸ್ಲೀಪ್ ಸ್ಟಡಿ ಮಾಡಿಸಲು ಹೇಳಿದರು. ತಲೆಗೆ, ಎದೆಗೆ, ಕಾಲಿಗೆ ವಯರು. ಮೂಗಿಗೆ ನಳಿಗೆ. ಬೆರಳಿಗೆ ಕ್ಲಿಪ್ಪು. ವರದಿಯಲ್ಲಿ ಗಂಟೆಗೆ 34 ಅಂತ ಬಂತು. 5ಕ್ಕಿಂತ ಕಡಿಮೆ ಇದ್ದರೆ ಸಾಮಾನ್ಯ, 5ರಿಂದ 15 ಸೌಮ್ಯ, 15ರಿಂದ 30 ಮಧ್ಯಮ, 30 ದಾಟಿದರೆ ತೀವ್ರ. ಗೊರಕೆಯೇ ಇಲ್ಲದ ಅಮ್ಮ ತೀವ್ರದ ಸಾಲಿನಲ್ಲಿದ್ದಳು. ಮನೆಯಲ್ಲಿ ಅಮ್ಮ, ಅತ್ತೆ, ಚಿಕ್ಕಮ್ಮ ಯಾರಾದರೂ ವರ್ಷಗಟ್ಟಲೆ "ಸುಸ್ತು, ಸುಸ್ತು" ಅನ್ನುತ್ತಿದ್ದರೆ ಇದನ್ನೂ ಒಮ್ಮೆ ಯೋಚಿಸಿ ಅಂತ ಕೇಳಿಕೊಳ್ಳುತ್ತೇನೆ.

ಮೆಷೀನು ಮಾಡುವ ಕೆಲಸ ಸರಳ. ನಿದ್ದೆ ಬಂದಾಗ ಗಂಟಲಿನ ಸ್ನಾಯುಗಳು ಸಡಿಲವಾಗುತ್ತವೆ. ಕೆಲವರಲ್ಲಿ ಆ ಸಡಿಲಿಕೆಗೆ ಉಸಿರಿನ ದಾರಿ ಕುಸಿದು ಮುಚ್ಚಿಕೊಳ್ಳುತ್ತದೆ. ಮೂಗಿನ ಮೂಲಕ ಸ್ವಲ್ಪ ಒತ್ತಡದಲ್ಲಿ ಗಾಳಿ ಕೊಡುತ್ತಲೇ ಇದ್ದರೆ ಅದು ಕುಸಿಯದೆ ತೆರೆದಿರುತ್ತದೆ. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಕಾಲಿನ್ ಸಲಿವನ್ ಮತ್ತು ಜೊತೆಗಾರರು ಐದು ರೋಗಿಗಳ ಮೇಲೆ ಇದನ್ನು ಮಾಡಿ ನೋಡಿ 1981ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. ಆಗಿನ ಉಪಕರಣ ಬರೀ ಗಾಳಿ ಊದುತ್ತಿತ್ತು. ಈಗಿನ ಮೆಷೀನು ಊದುತ್ತಾ ಊದುತ್ತಾ ಅಳತೆಯನ್ನೂ ಮಾಡುತ್ತದೆ. ಎಷ್ಟು ಗಾಳಿ ಹೋಯಿತು, ಎಷ್ಟು ಒತ್ತಡ ಇತ್ತು, ಸೆಕೆಂಡು ಸೆಕೆಂಡಿಗೂ ಬರೆದಿಡುತ್ತದೆ.

ಅದು ಅಳೆಯುವುದು ಅಷ್ಟೇ. ಗಾಳಿಯ ಹರಿವು ಮತ್ತು ಒತ್ತಡ. ಆಪ್ನಿಯಾ (ಉಸಿರು ನಿಂತದ್ದು), ಹೈಪಾಪ್ನಿಯಾ (ಉಸಿರು ಕುಗ್ಗಿದ್ದು), ಕ್ಲಿಯರ್ ಏರ್‌ವೇ (ದಾರಿ ತೆರೆದಿದ್ದೂ ಉಸಿರು ನಿಂತದ್ದು) ಅಂತ ಬರುವ ಬಣ್ಣ ಬಣ್ಣದ ಗುರುತುಗಳೆಲ್ಲ ಈ ಎರಡು ಅಳತೆಯಿಂದ ಮೆಷೀನು ಮಾಡಿದ ಊಹೆ. ಒಳ್ಳೆಯ ಊಹೆಯೇ. ಆದರೂ ಊಹೆ.

ಸ್ಲೀಪ್ ಲ್ಯಾಬಿನಲ್ಲಿ ತಲೆಗೆ ವಯರು ಹಚ್ಚುವುದು ನಿದ್ದೆ ಬಂದಿದೆಯಾ, ಯಾವ ಹಂತದ ನಿದ್ದೆ ಅಂತ ತಿಳಿಯಲು. ಬೆರಳಿನ ಕ್ಲಿಪ್ಪು ಆಮ್ಲಜನಕಕ್ಕೆ. ಮನೆಯ ಮೆಷೀನಿಗೆ ಇವೆರಡೂ ಇಲ್ಲ. ಅಮ್ಮ ಮಲಗಿದ್ದಾಳಾ ಅಥವಾ ಮಾಸ್ಕ್ ಹಾಕಿಕೊಂಡು ನಾಳೆಯ ತಿಂಡಿಗೆ ಅಕ್ಕಿ ನೆನೆಹಾಕಿದ್ದೇನಾ ಅಂತ ಯೋಚಿಸುತ್ತಾ ಬಿದ್ದುಕೊಂಡಿದ್ದಾಳಾ, ಅದಕ್ಕೆ ಗೊತ್ತಾಗುವುದಿಲ್ಲ. ಮಾಸ್ಕ್ ಹಾಕಿದ ಹೊತ್ತನ್ನೆಲ್ಲ ನಿದ್ದೆಯ ಗಂಟೆ ಅಂತಲೇ ಹಿಡಿದು ಭಾಗಿಸುತ್ತದೆ. ಎರಡು ಗಂಟೆ ನಿದ್ದೆ ಬಾರದೆ ಹೊರಳಾಡಿದ ರಾತ್ರಿ ಭಾಜಕ ದೊಡ್ಡದಾಗಿ ಸಂಖ್ಯೆ ಚಿಕ್ಕದಾಗಬಹುದು. ಲ್ಯಾಬಿನಲ್ಲಿ ಹೈಪಾಪ್ನಿಯಾ ಅಂತ ಬರೆಯಬೇಕಾದರೆ ಗಾಳಿ ಕನಿಷ್ಠ 30% ಕುಗ್ಗಿದರೆ ಸಾಲದು. ಜೊತೆಗೆ ಆಮ್ಲಜನಕ 3% ಇಳಿಯಬೇಕು, ಇಲ್ಲವೇ ಮೆದುಳು ಎಚ್ಚರದ ಕಡೆಗೆ ಜಿಗಿದದ್ದು ಕಾಣಬೇಕು. ಕೆಲವು ಕಡೆ 4% ಇಳಿದರೆ ಮಾತ್ರ ಎಣಿಸುತ್ತಾರೆ. ಮನೆಯ ಮೆಷೀನು ಗಾಳಿ ಕುಗ್ಗಿದ್ದನ್ನು ನೋಡಿಯೇ ಗುರುತು ಹಾಕುತ್ತದೆ. ಲ್ಯಾಬಿನ 34ನ್ನೂ ಮನೆಯ 2ನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಕಷ್ಟ ಅನ್ನುವುದು ಇದಕ್ಕೇ. ಇಳಿದಿದೆ ಅನ್ನುವುದು ನಿಜ. ಎಷ್ಟು ಇಳಿದಿದೆ ಅನ್ನುವುದು ಅಂದಾಜು.

ಇನ್ನು 10 ಸೆಕೆಂಡಿನ ನಿಯಮ. ಗಾಳಿ 90% ಅಥವಾ ಅದಕ್ಕಿಂತ ಜಾಸ್ತಿ ಇಳಿದು ಕನಿಷ್ಠ 10 ಸೆಕೆಂಡು ಹಾಗೇ ಇದ್ದರೆ ಅದು ಆಪ್ನಿಯಾ. ಒಂಬತ್ತು ಸೆಕೆಂಡಿಗೆ ಉಸಿರು ಮರಳಿದರೆ ಲೆಕ್ಕಕ್ಕಿಲ್ಲ. ಹನ್ನೊಂದು ಸೆಕೆಂಡು ನಿಂತರೂ ಒಂದು, ನಲವತ್ತೈದು ಸೆಕೆಂಡು ನಿಂತರೂ ಒಂದು. ಹನ್ನೊಂದು ಸೆಕೆಂಡಿನದ್ದಕ್ಕೂ ಮುಕ್ಕಾಲು ನಿಮಿಷದ್ದಕ್ಕೂ ಎಎಚ್‌ಐಯಲ್ಲಿ ಒಂದೇ ಬೆಲೆ. ನನಗೆ ಇದು ಸರಿ ಕಾಣುವುದಿಲ್ಲ. ಹಾಗಾಗಿ ನಾನು ಎಷ್ಟು ಅನ್ನುವುದಕ್ಕಿಂತ ಮೊದಲು ಎಷ್ಟುದ್ದ ಅಂತ ನೋಡುತ್ತೇನೆ.

ಈಗ ಸರಾಸರಿಯ ಮಾತು. ಉಡುಪಿಯಲ್ಲಿ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ. 365ರಿಂದ ಭಾಗಿಸಿದರೆ ದಿನಕ್ಕೆ 11 ಮಿ.ಮೀ. ಅಂಥ ಮಳೆಗೆ ಯಾರೂ ಹೆದರಬೇಕಾಗಿಲ್ಲ, ಕೊಡೆ ಹಿಡಿದು ಪೇಟೆಗೆ ಹೋಗಿ ಬರಬಹುದು. ಆದರೆ ಇಲ್ಲಿ ಮಳೆ ಹಾಗೆ ಬರುವುದಿಲ್ಲ ಅಲ್ವಾ. ಫೆಬ್ರವರಿಯಲ್ಲಿ ಹನಿ ಇಲ್ಲ. ಜುಲೈಯಲ್ಲಿ ಒಂದೇ ರಾತ್ರಿ ಸುರಿದು ಗದ್ದೆ, ತೋಡು, ರಸ್ತೆ ಒಂದಾಗುತ್ತದೆ. ಉಸಿರಿನ ಘಟನೆಗಳೂ ರಾತ್ರಿಯಿಡೀ ಸಮನಾಗಿ ಹಂಚಿಕೊಂಡು ಬರುವುದಿಲ್ಲ.

ಅಮ್ಮನ ಒಂದು ರಾತ್ರಿ ಹೀಗಿತ್ತು. ಆರು ಗಂಟೆ ನಿದ್ದೆ, ಒಟ್ಟು 12 ಘಟನೆ. ಎಎಚ್‌ಐ 2. ಪರದೆ ನೋಡಿದರೆ ಬಹಳ ಚಂದದ ರಾತ್ರಿ. ಗ್ರಾಫ್ ಬಿಡಿಸಿದರೆ ಬೆಳಗಿನ ಜಾವ ನಾಲ್ಕೂವರೆ ಗಂಟೆಯವರೆಗೆ ಒಂದು ಗುರುತೂ ಇಲ್ಲ. ನಾಲ್ಕೂವರೆಯಿಂದ ಐದು ಹತ್ತರ ಒಳಗೆ ಹನ್ನೆರಡೂ. ನಲವತ್ತು ನಿಮಿಷಕ್ಕೆ 12 ಅಂದರೆ ಗಂಟೆಗೆ 18ರ ವೇಗ. ಆ ನಲವತ್ತು ನಿಮಿಷ ಅಮ್ಮ ಮಧ್ಯಮ ದರ್ಜೆಯ ಆಪ್ನಿಯಾದಲ್ಲಿ ಇದ್ದಳು, ಮಾಸ್ಕ್ ಹಾಕಿಕೊಂಡೇ. ಅವತ್ತು ಬೆಳಿಗ್ಗೆ ಅವಳಿಗೆ ತಲೆಭಾರ. "ನಿನ್ನ ಮೆಷೀನು ಎರಡು ಹೇಳ್ತದೆ, ನನ್ನ ತಲೆ ಬೇರೆ ಎಂತದೋ ಹೇಳ್ತದೆ" ಅಂದಳು. ತಲೆ ಹೇಳಿದ್ದು ಸರಿ ಇತ್ತು.

ಬೆಳಗಿನ ಜಾವಕ್ಕೆ ಹೀಗೆ ಗುಂಪು ಕಟ್ಟಿಕೊಳ್ಳಲು ಕಾರಣ ಉಂಟು. ಕನಸು ಬೀಳುವ ನಿದ್ದೆ, ಅಂದರೆ ರೆಮ್ ನಿದ್ದೆ, ರಾತ್ರಿಯ ಕೊನೆಯ ಭಾಗದಲ್ಲಿ ಜಾಸ್ತಿ. ಆ ಹೊತ್ತಿನಲ್ಲಿ ಸ್ನಾಯುಗಳು ಇನ್ನೂ ಸಡಿಲ. ಎಷ್ಟೋ ಜನರಿಗೆ ಆಪ್ನಿಯಾ ಉಲ್ಬಣಿಸುವುದು ಆಗಲೇ. ಇದನ್ನು ತಿಳಿದುಕೊಂಡರೆ ಇನ್ನೊಂದು ಮಾತೂ ಅರ್ಥವಾಗುತ್ತದೆ. ಮೂರು ಗಂಟೆಗೆ ಎಚ್ಚರವಾಗಿ ಮಾಸ್ಕ್ ತೆಗೆದಿಟ್ಟು ಮತ್ತೆ ಹಾಗೇ ಮಲಗಿದರೆ ಬೆಳಿಗ್ಗೆ ಪರದೆಯಲ್ಲಿ 0.8 ಬರಬಹುದು. ಅದು ಮೂರು ಗಂಟೆಯವರೆಗಿನ ಲೆಕ್ಕ. ಆಮೇಲಿನ ಕೆಟ್ಟ ಹೊತ್ತನ್ನು ಮೆಷೀನು ನೋಡಿಯೇ ಇಲ್ಲ. ಎಷ್ಟು ಗಂಟೆ ಹಾಕಿದ್ದರು ಅನ್ನುವುದನ್ನು ಬಿಟ್ಟು ಎಎಚ್‌ಐ ಹೇಳುವುದಕ್ಕೆ ಅರ್ಥವೇ ಇಲ್ಲ.

ಇನ್ನೊಂದು ಕಾರಣ ಮಲಗುವ ರೀತಿ. ಅಂಗಾತ ಮಲಗಿದರೆ ನಾಲಿಗೆ ಹಿಂದಕ್ಕೆ ಜಾರುತ್ತದೆ. ಎತ್ತರದ ತಲೆದಿಂಬು ಇದ್ದರೆ ಗಲ್ಲ ಎದೆಗೆ ಒತ್ತಿ ಗಂಟಲು ಮಡಚಿಕೊಳ್ಳುತ್ತದೆ. ಹಾಗೆ ಮಡಚಿದ ದಾರಿಯನ್ನು ಗಾಳಿಯ ಒತ್ತಡ ಏರಿಸಿ ಬಿಡಿಸುವುದು ಕಷ್ಟ. ಗ್ರಾಫಿನಲ್ಲಿ ಅದರ ಗುರುತು ಸಿಗುತ್ತದೆ. ರಾತ್ರಿ ಪೂರ್ತಿ ಶಾಂತ, ನಡುವೆ ಎಲ್ಲೋ ಒಂದು ಕಡೆ ಉದ್ದುದ್ದ ಅಡಚಣೆಯ ಗುರುತುಗಳು ಒತ್ತೊತ್ತಾಗಿ, ಒತ್ತಡ ಮೇಲೇರಿದರೂ ನಿಲ್ಲುವುದಿಲ್ಲ, ಆಮೇಲೆ ಹಠಾತ್ತನೆ ಪೂರ್ತಿ ಬಂದ್. ಹೊರಳಿ ಮಲಗಿದ ಕ್ಷಣ ಅದು. ಅಮ್ಮ ಎರಡು ತಲೆದಿಂಬು ಇಟ್ಟುಕೊಳ್ಳುತ್ತಿದ್ದಳು, ಅದರಲ್ಲೊಂದು ಹಳೆಯ ಬೂರುಗದ ಹತ್ತಿಯದ್ದು, ಗಟ್ಟಿ. ಅದನ್ನು ತೆಗೆಸಿದೆವು. ಬೆಳಗಿನ ಜಾವದ ಗುಂಪು ಪೂರ್ತಿ ಹೋಗಲಿಲ್ಲ, ಅರ್ಧಕ್ಕರ್ಧ ಇಳಿಯಿತು. ಒಂದು ರೂಪಾಯಿ ಖರ್ಚಿಲ್ಲ, ಮಾತ್ರೆ ಇಲ್ಲ.

ಗೆರೆ ನೋಡುವುದು ಹೇಗೆ? ಮೆಷೀನಿನ ಎಸ್‌ಡಿ ಕಾರ್ಡ್ ತೆಗೆದು ಕಂಪ್ಯೂಟರಿಗೆ ಹಾಕಬೇಕು. ಹಾಕುವ ಮೊದಲು ಕಾರ್ಡಿನ ಪಕ್ಕದಲ್ಲಿರುವ ಸಣ್ಣ ಲಾಕನ್ನು ಜಾರಿಸಿಡಿ. ಇಲ್ಲದಿದ್ದರೆ ಕಂಪ್ಯೂಟರು ತನ್ನದೊಂದು ಫೈಲು ಬರೆದು ಬಿಡಬಹುದು. ವಾಪಸು ಮೆಷೀನಿಗೆ ಹಾಕುವಾಗ ಲಾಕ್ ತೆಗೆಯುವುದನ್ನೂ ಮರೆಯಬಾರದು. ಓದಲು ಆಸ್ಕರ್ ಅನ್ನುವ ಉಚಿತ ಸಾಫ್ಟ್‌ವೇರ್ ಉಂಟು. ಮೊದಲು ಸ್ಲೀಪಿಹೆಡ್ ಅಂತ ಇತ್ತು. 2019ರಲ್ಲಿ ಅದರ ಕೆಲಸ ನಿಂತಾಗ ಸ್ವಯಂಸೇವಕರು ಅದನ್ನು ಆಸ್ಕರ್ ಹೆಸರಿನಲ್ಲಿ ಮುಂದುವರಿಸಿದರು. ನಮ್ಮಂಥವರಿಗೆ ಅದು ದೊಡ್ಡ ಉಪಕಾರ. ಎಲ್ಲ ಕಂಪನಿಯ ಎಲ್ಲ ಮಾಡೆಲನ್ನೂ ಓದುವುದಿಲ್ಲ. ಮೆಷೀನು ಕೊಳ್ಳುವ ಮೊದಲೇ ಕೇಳಿ ನೋಡಿ.

ಆಸ್ಕರ್ ತೆರೆದರೆ ಗೆರೆಗಳ ಒಂದು ರಾಶಿ ಕಾಣುತ್ತದೆ. ಹೊಸಬರು ಹೆದರುವುದು ಇಲ್ಲೇ. ನಾನು ಮೊದಲು ನೋಡುವುದು ಉಸಿರಿನ ಹರಿವಿನ ಗೆರೆ. ಎರಡು ಮೂರು ನಿಮಿಷ ಮಾತ್ರ ಪರದೆ ತುಂಬುವಷ್ಟು ದೊಡ್ಡದು ಮಾಡಿಕೊಳ್ಳಬೇಕು. ಗೆರೆ ಮೇಲೆ ಹೋದರೆ ಉಸಿರು ಒಳಗೆ, ಕೆಳಗೆ ಬಂದರೆ ಹೊರಗೆ. ಒಳ್ಳೆಯ ನಿದ್ದೆಯಲ್ಲಿ ಒಂದರ ಹಾಗೆ ಇನ್ನೊಂದು, ಮೇಲುತುದಿ ದುಂಡಗೆ, ಒಂದೇ ಎತ್ತರ, ಒಂದೇ ಅಂತರ. ಮೊದಲ ಸಲ ಅಮ್ಮನ ಗಾಢ ನಿದ್ದೆಯ ಅಂಥ ಗೆರೆ ನೋಡಿದಾಗ ನನಗೆ ಗಂಟಲು ಕಟ್ಟಿತು. ಎಷ್ಟೋ ವರ್ಷ ಅವಳಿಗೆ ಸಿಗದೇ ಹೋದದ್ದು ಇದೇ ಅಲ್ವಾ ಅಂತ.

ಅಡಚಣೆಯ ಆಪ್ನಿಯಾ ಹೀಗೆ ಬರುತ್ತದೆ. ಮೊದಲು ಮೇಲುತುದಿಯ ದುಂಡು ಹೋಗಿ ಚಪ್ಪಟೆಯಾಗುತ್ತದೆ. ಎಳೆದುಕೊಳ್ಳುತ್ತಿದ್ದಾಳೆ, ಗಾಳಿ ಬೇಕಾದಷ್ಟು ಬರುತ್ತಿಲ್ಲ ಅಂತ ಅದರ ಅರ್ಥ. ಇದಕ್ಕೆ ಫ್ಲೋ ಲಿಮಿಟೇಶನ್ ಅನ್ನುತ್ತಾರೆ. ನಂತರ ಒಂದೊಂದೇ ಉಸಿರು ಗಿಡ್ಡವಾಗುತ್ತಾ ಬರುತ್ತದೆ. ಆಮೇಲೆ ಗೆರೆ ನೆಟ್ಟಗೆ ಅಡ್ಡ. ಹದಿನೈದು, ಇಪ್ಪತ್ತು ಸೆಕೆಂಡು. ಕೊನೆಗೆ ಎರಡು ಮೂರು ದೊಡ್ಡ ಉಸಿರು ಎತ್ತರಕ್ಕೆ ಹಾರುತ್ತವೆ. ಮೆದುಳು ಎಚ್ಚರವಾಗಿ ದಾರಿ ಬಿಡಿಸಿದ ಕ್ಷಣ ಅದು. ಮಲಗಿದವರಿಗೆ ಬೆಳಿಗ್ಗೆ ಇದರ ನೆನಪೇ ಇರುವುದಿಲ್ಲ.

ಇದಕ್ಕಿಂತ ಬೇರೆಯದು ಕ್ಲಿಯರ್ ಏರ್‌ವೇ ಅನ್ನುವ ಗುರುತು. ಉಸಿರು ನಿಂತಿದೆ, ಆದರೆ ದಾರಿ ತೆರೆದಿದೆ. ಮೆದುಳಿನಿಂದ ಉಸಿರೆಳೆಯುವ ಆಜ್ಞೆಯೇ ಆ ಹೊತ್ತಿಗೆ ಬಂದಿಲ್ಲ. ಮೆಷೀನಿಗೆ ಹೇಗೆ ಗೊತ್ತಾಗುತ್ತದೆ ಅಂತ ನನಗೆ ಕುತೂಹಲ ಇತ್ತು. ಉಸಿರು ನಿಂತ ಕೂಡಲೇ ಕೆಲವು ಮೆಷೀನುಗಳು ಗಾಳಿಯ ಒತ್ತಡವನ್ನು ಸೆಕೆಂಡಿಗೆ ನಾಲ್ಕು ಸಲ ಚೂರೇ ಚೂರು ಏರಿಸಿ ಇಳಿಸುತ್ತವೆ. ದಾರಿ ತೆರೆದಿದ್ದರೆ ಆ ಅಲುಗಾಟಕ್ಕೆ ಗಾಳಿಯೂ ಅಲುಗುತ್ತದೆ, ಮುಚ್ಚಿದ್ದರೆ ಇಲ್ಲ. ಬೇರೆ ಕಂಪನಿಯವು ಒಂದೆರಡು ಸಣ್ಣ ಗಾಳಿಯ ತಟ್ಟು ಕೊಟ್ಟು ಪರೀಕ್ಷಿಸುತ್ತವೆ. ಎಷ್ಟು ಜಾಣತನದ ಕೆಲಸ! ಆದರೂ ದಾರಿ ತೆರೆದಿದೆ ಅಂತ ಹೇಳಬಹುದೇ ಹೊರತು ಯಾಕೆ ಉಸಿರು ನಿಂತಿತು ಅಂತ ಅದು ಹೇಳುವುದಿಲ್ಲ.

ಯಾಕೆ ಅನ್ನುವುದನ್ನು ಗೆರೆಯೇ ಹೇಳಬೇಕು. ಅಮ್ಮನ ಕ್ಲಿಯರ್ ಏರ್‌ವೇ ಗುರುತುಗಳನ್ನು ಒಂದೊಂದಾಗಿ ನೋಡಿದರೆ ಜಾಸ್ತಿ ಒಂದೇ ಥರ. ಗೆರೆ ಗಲಿಬಿಲಿಯಾಗುತ್ತದೆ, ಒಂದು ದೊಡ್ಡ ನಿಟ್ಟುಸಿರು, ಆಮೇಲೆ ಹನ್ನೆರಡು ಸೆಕೆಂಡು ಸುಮ್ನೆ, ಮತ್ತೆ ಮಾಮೂಲು. ಮಗ್ಗುಲು ಬದಲಿಸಿದ್ದು ಅದು. ದೊಡ್ಡ ಉಸಿರು ತೆಗೆದಾಗ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ. ಅದು ಮತ್ತೆ ತುಂಬುವವರೆಗೆ ಮೆದುಳಿಗೆ ಉಸಿರೆಳೆಯುವ ಗಡಿಬಿಡಿ ಇರುವುದಿಲ್ಲ. ಎಚ್ಚರ ಇರುವಾಗಲೂ ಇದು ಆಗುತ್ತದೆ. ರಾತ್ರಿ ಮಾಸ್ಕ್ ಹಾಕಿದ ಮೊದಲ ಹತ್ತು ನಿಮಿಷ, ಬಾತ್‌ರೂಮಿಗೆ ಹೋಗಿ ಬಂದ ನಂತರ, ಬೆಳಿಗ್ಗೆ ಏಳುವ ಮುಂಚಿನ ಅರೆಎಚ್ಚರ, ಈ ಮೂರು ಹೊತ್ತಿನ ಗುರುತುಗಳಿಗೆ ನಾನು ತಲೆಕೆಡಿಸಿಕೊಳ್ಳುವುದಿಲ್ಲ. ಸಂಖ್ಯೆಯಲ್ಲಿ ಅವೂ ಸೇರಿರುತ್ತವೆ. ಮೊದಲು ಹೇಳಿದ, ಎಎಚ್‌ಐ ನಾಲ್ಕೂವರೆ ಬಂದ ರಾತ್ರಿಯೂ ಇಂಥದ್ದೇ ಆಗಿರಬಹುದು. ಸೆಕೆ ತಡೆಯಲಾರದೆ ಹೊರಳಾಡಿದ ಮೇ ತಿಂಗಳ ಒಂದು ರಾತ್ರಿ ಅಮ್ಮನಿಗೆ ಐದರ ಹತ್ತಿರ ಬಂತು. ಬಿಡಿಸಿ ನೋಡಿದರೆ ನಿದ್ದೆಯಲ್ಲಿ ಆದ ಅಡಚಣೆ ಎರಡೋ ಮೂರೋ.

ಮೆಷೀನು ಶುರು ಮಾಡಿದ ಹೊಸತರಲ್ಲಿ ಕೆಲವರಿಗೆ ಕ್ಲಿಯರ್ ಏರ್‌ವೇ ನಿಜವಾಗಿಯೂ ಜಾಸ್ತಿಯಾಗುತ್ತದೆ. ಮೊದಲು ಇಲ್ಲದ್ದು ಚಿಕಿತ್ಸೆ ಶುರುವಾದ ಮೇಲೆ ಕಾಣಿಸಿಕೊಳ್ಳುತ್ತದೆ. ಬಹಳ ಮಂದಿಗೆ ಕೆಲವು ವಾರ, ತಿಂಗಳುಗಳಲ್ಲಿ ತಾನಾಗಿ ಇಳಿಯುತ್ತದೆ. ಇಳಿಯದಿದ್ದರೆ ಡಾಕ್ಟರಿಗೆ ಹೇಳಲೇಬೇಕು.

ಒಂದು ಗೆರೆಯನ್ನು ಮಾತ್ರ ಕಂಡ ಕೂಡಲೇ ಡಾಕ್ಟರ ಹತ್ತಿರ ಒಯ್ಯಬೇಕು. ಉಸಿರು ಸಣ್ಣದರಿಂದ ನಿಧಾನಕ್ಕೆ ದೊಡ್ಡದಾಗುತ್ತಾ ಹೋಗುತ್ತದೆ, ತುದಿ ಮುಟ್ಟಿ ನಿಧಾನಕ್ಕೆ ಸಣ್ಣದಾಗುತ್ತದೆ, ನಿಲ್ಲುತ್ತದೆ, ಮತ್ತೆ ಶುರು. ಒಂದೊಂದು ಸುತ್ತಿಗೆ ಒಂದು ನಿಮಿಷದ ಆಸುಪಾಸು. ಗಂಟೆಗಟ್ಟಲೆ ಹೀಗೇ. ಇದನ್ನು ಚೇನ್-ಸ್ಟೋಕ್ಸ್ ಉಸಿರಾಟ ಅನ್ನುತ್ತಾರೆ. 1818ರಲ್ಲಿ ಜಾನ್ ಚೇನ್, 1854ರಲ್ಲಿ ವಿಲಿಯಂ ಸ್ಟೋಕ್ಸ್, ಇಬ್ಬರೂ ಡಬ್ಲಿನ್‌ನಲ್ಲಿದ್ದ ವೈದ್ಯರು, ರೋಗಿಯ ಪಕ್ಕ ಕೂತು ಕಣ್ಣಲ್ಲಿ ನೋಡಿಯೇ ಇದನ್ನು ಬರೆದಿಟ್ಟರು. ಹೃದಯದ ಶಕ್ತಿ ಕುಂದಿದವರಲ್ಲಿ ಇದು ಕಾಣುತ್ತದೆ. ಪಾರ್ಶ್ವವಾಯು ಆದವರಲ್ಲೂ ಕಾಣಬಹುದು.

ಇಲ್ಲಿ ಮನೆಯವರ ಜಾಣತನ ನಡೆಯುವುದಿಲ್ಲ. ಎಎಸ್‌ವಿ ಅನ್ನುವ ಇನ್ನೊಂದು ಬಗೆಯ ಮೆಷೀನು ಉಂಟು. ಪ್ರತಿ ಉಸಿರಿಗೂ ಒತ್ತಡ ಬದಲಿಸಿ ಏರಿಳಿತವನ್ನು ಸರಿಮಾಡುತ್ತದೆ. ಹೃದಯ ದುರ್ಬಲವಾದವರಿಗೆ ಇದರಿಂದ ಒಳ್ಳೆಯದಾಗಬಹುದು ಅಂತ ವೈದ್ಯರೇ ಆಸೆಪಟ್ಟಿದ್ದರು. 2015ರಲ್ಲಿ ಬಂದ ಸರ್ವ್-ಎಚ್‌ಎಫ್ ಅಧ್ಯಯನದಲ್ಲಿ ಉಲ್ಟಾ ಕಂಡಿತು. ಹೃದಯದ ಪಂಪಿನ ಶಕ್ತಿ 45% ಅಥವಾ ಅದಕ್ಕಿಂತ ಕಡಿಮೆ ಇದ್ದು ಸೆಂಟ್ರಲ್ ಆಪ್ನಿಯಾ (ಮೆದುಳಿನ ಆಜ್ಞೆ ಬಾರದೆ ಉಸಿರು ನಿಲ್ಲುವುದು) ಜಾಸ್ತಿ ಇದ್ದವರಲ್ಲಿ, ಆ ಮೆಷೀನು ಹಾಕಿದ ಗುಂಪಿನಲ್ಲೇ ಹೃದಯದ ಕಾರಣದ ಸಾವು ಜಾಸ್ತಿ. ಎಎಚ್‌ಐ ಮಾತ್ರ ಚೆನ್ನಾಗಿ ಇಳಿದಿತ್ತು. ಸಂಖ್ಯೆ ಇಳಿಯುವುದೂ ಮನುಷ್ಯ ಚೆನ್ನಾಗಿರುವುದೂ ಒಂದೇ ಅಲ್ಲ ಅನ್ನಲು ಇದಕ್ಕಿಂತ ದೊಡ್ಡ ಉದಾಹರಣೆ ನನಗೆ ಗೊತ್ತಿಲ್ಲ.

ಹರಿವಿನ ಗೆರೆಯಷ್ಟೇ ಮುಖ್ಯವಾದದ್ದು ಲೀಕ್. ಮಾಸ್ಕಿನಲ್ಲಿ ಸಣ್ಣ ಸಣ್ಣ ತೂತು ಬೇಕೆಂದೇ ಇಟ್ಟಿರುತ್ತಾರೆ, ಬಿಟ್ಟ ಉಸಿರು ಹೊರಗೆ ಹೋಗಲು. ಅದು ಲೀಕ್ ಅಲ್ಲ. ಕೆನ್ನೆಯ ಬದಿಯಿಂದ, ತೆರೆದ ಬಾಯಿಯಿಂದ ಹೋಗುವುದು ಲೀಕ್. ಕೆಲವು ಮೆಷೀನು ತೂತಿನ ಗಾಳಿಯನ್ನು ಕಳೆದು ಉಳಿದದ್ದನ್ನು ತೋರಿಸುತ್ತವೆ, ಕೆಲವು ಒಟ್ಟೂ ತೋರಿಸುತ್ತವೆ. ಇಬ್ಬರ ಲೀಕ್ ಹೋಲಿಸುವ ಮೊದಲು ಮೆಷೀನು ಯಾವುದು ಅಂತ ಕೇಳಬೇಕು. ನಮ್ಮಲ್ಲಿರುವ ರೆಸ್‌ಮೆಡ್ ಕಂಪನಿಯ ಮೆಷೀನಿಗೆ ನಿಮಿಷಕ್ಕೆ 24 ಲೀಟರ್ ಅನ್ನುವ ಮಿತಿ. ಅದರ ಮೇಲೆ ಹೋದರೆ ದೊಡ್ಡ ಲೀಕ್. ಆಗ ಮೆಷೀನಿಗೆ ಉಸಿರು ಸರಿಯಾಗಿ ಕಾಣುವುದೇ ಇಲ್ಲ, ನಿಂತದ್ದೂ ತಪ್ಪಿಹೋಗಬಹುದು. ದೊಡ್ಡ ಲೀಕ್ ಇದ್ದ ರಾತ್ರಿ ಎಎಚ್‌ಐ 1 ಬಂದರೆ ನಾನು ಖುಷಿಪಡುವುದಿಲ್ಲ. ಅದನ್ನು ಕಾಣದ ರಾತ್ರಿ ಅಂತಲೇ ಬರೆದಿಡುತ್ತೇನೆ.

ನಮ್ಮ ಕರಾವಳಿಯಲ್ಲಿ ಲೀಕ್‌ಗೆ ಬೆವರೂ ಒಂದು ಕಾರಣ. ಏಪ್ರಿಲ್, ಮೇಯಲ್ಲಿ ಸಿಲಿಕೋನ್ ಅಂಚು ಮುಖದಲ್ಲಿ ಜಾರುತ್ತದೆ. ಬಿಗಿಯಾಗಲಿ ಅಂತ ಪಟ್ಟಿ ಎಳೆದರೆ ಮೂಗಿನ ಮೇಲೆ ಗಾಯ. ರಾತ್ರಿ ಹಚ್ಚಿದ ಕ್ರೀಮು, ತಲೆಯಿಂದ ಹಣೆಗಿಳಿದ ತೆಂಗಿನೆಣ್ಣೆ, ಎಲ್ಲವೂ ಜಾರಿಸುತ್ತವೆ. ಅಮ್ಮ ಈಗ ಮಲಗುವ ಮೊದಲು ಮುಖಕ್ಕೆ ಸಾಬೂನು ಹಾಕಿ ತೊಳೆದು, ಬೈರಾಸಿನಲ್ಲಿ ಒರೆಸಿ, ಮಾಸ್ಕಿನ ಅಂಚನ್ನೂ ಒರೆಸುತ್ತಾಳೆ. ಲೀಕ್ ಗೆರೆ ತಳಕ್ಕೆ ಅಂಟಿಕೊಂಡು ನಿಂತಿದೆ. ಎಸಿ ಹಾಕಿದರೆ ಇನ್ನೊಂದು ಪಜೀತಿ. ಹ್ಯೂಮಿಡಿಫೈಯರಿನ ಬಿಸಿ ತೇವದ ಗಾಳಿ ತಣ್ಣಗಿನ ಪೈಪಿಗೆ ತಾಗಿ ನೀರಾಗುತ್ತದೆ. ಮೊದಲೇ ಇಲ್ಲಿನ ಹವೆಯಲ್ಲಿ ತೇವ ಜಾಸ್ತಿ. ಪೈಪಿನೊಳಗೆ ಗುಳುಗುಳು ಅಂದಾಗ ಹರಿವಿನ ಗೆರೆಯಲ್ಲೂ ನಡುಕ ಕಾಣುತ್ತದೆ. ತೇವದ ಮಟ್ಟ ಇಳಿಸಿ, ಪೈಪಿಗೆ ಬಟ್ಟೆಯ ಕವರು ಹೊಲಿದು ಹಾಕಿದ ಮೇಲೆ ನಿಂತಿತು. ಮಳೆಗಾಲದಲ್ಲಿ ಕರೆಂಟು ಹೋಗಿ ಮೆಷೀನು ನಿಂತರೆ ಅಷ್ಟು ಹೊತ್ತಿನ ಗೆರೆ ಖಾಲಿ ಇರುತ್ತದೆ. ಆ ಖಾಲಿ ಜಾಗವನ್ನು ಒಳ್ಳೆಯ ನಿದ್ದೆ ಅಂತ ಓದಬಾರದು. ಇನ್ವರ್ಟರಿನ ಪಾಯಿಂಟು ಅಮ್ಮನ ಮಂಚದ ಹತ್ತಿರ ಎಳೆಸಿದ್ದೇವೆ.

ದಿನಾಂಕದ ಲೆಕ್ಕವನ್ನೂ ಗಮನಿಸಬೇಕು. ಮೆಷೀನಿನ ದಿನ ಮಧ್ಯರಾತ್ರಿಗೆ ಬದಲಾಗುವುದಿಲ್ಲ, ಮಧ್ಯಾಹ್ನ 12ಕ್ಕೆ ಬದಲಾಗುತ್ತದೆ. ಕೃಷ್ಣಮಠದ ಪರ್ಯಾಯ ಉತ್ಸವದ ರಾತ್ರಿ ಉಡುಪಿಯಲ್ಲಿ ಯಾರು ಮಲಗುತ್ತಾರೆ! ಜೋಡುಕಟ್ಟೆಯಿಂದ ಹೊರಟ ಮೆರವಣಿಗೆ ನೋಡಿ ಅಮ್ಮ ಬೆಳಗಾದ ಮೇಲೆ ಮನೆಗೆ ಬಂದಳು. ಊಟ ಮಾಡಿ ಮಧ್ಯಾಹ್ನದ ಮೇಲೆ ಮಾಸ್ಕ್ ಹಾಕಿ ಮಲಗಿದಳು. ಆ ನಿದ್ದೆ ಮುಂದಿನ ರಾತ್ರಿಯ ಜೊತೆ ಸೇರಿಕೊಂಡಿತು. ಹಿಂದಿನ ದಿನ ಖಾಲಿ, ಮಾರನೆಯದು ಹನ್ನೊಂದು ಗಂಟೆ. ಬರೀ ವರದಿ ನೋಡುವ ಡಾಕ್ಟರಿಗೆ ಒಂದು ದಿನ ಹಾಕಲೇ ಇಲ್ಲ ಅಂತ ಕಾಣುತ್ತದೆ.

ಒತ್ತಡದ ಬಗ್ಗೆ ಒಂದು ಮಾತು. ಅದನ್ನು ಸೆಂಟಿಮೀಟರ್ ನೀರು ಅನ್ನುವ ಅಳತೆಯಲ್ಲಿ ಹೇಳುತ್ತಾರೆ. 10 ಅಂದರೆ ಹತ್ತು ಸೆಂಟಿಮೀಟರ್ ಎತ್ತರದ ನೀರು ತಳದಲ್ಲಿ ಒತ್ತುವಷ್ಟು. ತಾನಾಗಿ ಹೊಂದಿಕೊಳ್ಳುವ ಮೆಷೀನು 4ರಿಂದ 20ರ ಒಳಗೆ ಓಡಾಡಬಲ್ಲದು. ವರದಿಯಲ್ಲಿ 95% ಅಂತ ಒಂದು ಸಂಖ್ಯೆ ಬರುತ್ತದೆ. 9.6 ಅಂತಿದ್ದರೆ, ರಾತ್ರಿಯ ನೂರರಲ್ಲಿ ತೊಂಬತ್ತೈದು ಪಾಲು ಹೊತ್ತು ಒತ್ತಡ 9.6 ಅಥವಾ ಅದಕ್ಕಿಂತ ಕೆಳಗಿತ್ತು ಅಂತ. ಅಮ್ಮನಿಗೆ ಕೆಳಗಿನ ಮಿತಿ 5ಕ್ಕೆ ಇಟ್ಟಿದ್ದರು. ಬೆಳಗಿನ ಜಾವದ ಗುಂಪು ಶುರುವಾಗುವಾಗ ಒತ್ತಡ ಅಲ್ಲೇ ಕೆಳಗೆ ಇರುತ್ತಿತ್ತು. ಮೆಷೀನು ಗಮನಿಸಿ ನಿಧಾನಕ್ಕೆ ಏರಿಸಿಕೊಂಡು ಬರುವಷ್ಟರಲ್ಲಿ ನಾಲ್ಕೈದು ಘಟನೆ ಮುಗಿದಿರುತ್ತಿತ್ತು. ಈ ಸೆಟ್ಟಿಂಗ್ ಬದಲಿಸುವ ದಾರಿ ಹುಡುಕಿದರೆ ಸಿಗುತ್ತದೆ. ನಾನು ಕೈ ಹಾಕಲಿಲ್ಲ. ಒತ್ತಡ ಏರಿಸಿದರೆ ಕೆಲವರಿಗೆ ಅಡಚಣೆ ಇಳಿದು ಕ್ಲಿಯರ್ ಏರ್‌ವೇ ಏರುತ್ತದೆ. ಅಮ್ಮನ ಹೃದಯದ ಬಗ್ಗೆ, ಮಾತ್ರೆಗಳ ಬಗ್ಗೆ ಡಾಕ್ಟರಿಗೆ ಗೊತ್ತಿರುವುದು ನನಗೆ ಗೊತ್ತಿಲ್ಲ. ಗ್ರಾಫಿನ ಆ ನಲವತ್ತು ನಿಮಿಷದ ಭಾಗವನ್ನು ಮಾತ್ರ ಪ್ರಿಂಟು ತೆಗೆದು ಒಯ್ದೆ. ಡಾಕ್ಟರು ಒಂದು ನಿಮಿಷ ನೋಡಿದರು. "ತಲೆದಿಂಬು ತೆಗೆದದ್ದು ಒಳ್ಳೆಯದಾಯಿತು" ಅಂದು ಕೆಳಗಿನ ಮಿತಿಯನ್ನು 7ಕ್ಕೆ ಏರಿಸಿಕೊಟ್ಟರು.

ಡಾಕ್ಟರಿಗೆ ತಿಂಗಳ ಎಎಚ್‌ಐ ಪಟ್ಟಿ ತೋರಿಸುವುದಕ್ಕಿಂತ ಇಂಥ ಒಂದು ಪುಟ ತೋರಿಸುವುದು ಮೇಲು ಅಂತ ನನ್ನ ಅನುಭವ. ಓಪಿಡಿಯಲ್ಲಿ ಅವರಿಗೆ ಸಿಗುವುದು ಕೆಲವೇ ನಿಮಿಷ. ಒಂದು ಒಳ್ಳೆಯ ರಾತ್ರಿ, ಒಂದು ಕೆಟ್ಟ ರಾತ್ರಿ, ಕೆಟ್ಟ ರಾತ್ರಿಯ ದೊಡ್ಡದು ಮಾಡಿದ ಮೂರು ನಿಮಿಷ. ಪಕ್ಕದಲ್ಲಿ ಪೆನ್ನಿನಲ್ಲಿ ಅವತ್ತು ಬೆಳಿಗ್ಗೆ ಹೇಗಿದ್ದರು ಅಂತ ಒಂದು ಸಾಲು. ಅಷ್ಟು ಸಾಕು.

ಆ ಒಂದು ಸಾಲು ಬರೆಯಲು ನಾನು ಅಮ್ಮನನ್ನು ದಿನಾ ಕೇಳುತ್ತೇನೆ. ಸಂಖ್ಯೆ ಹೇಳುವ ಮೊದಲೇ ಕೇಳುತ್ತೇನೆ. ಸಂಖ್ಯೆ ಕೇಳಿದರೆ ಅವಳ ಉತ್ತರ ಅದಕ್ಕೆ ತಕ್ಕಂತೆ ವಾಲುತ್ತದೆ. "ಹೇಗುಂಟು ಅಮ್ಮ ಇವತ್ತು?" "ತಲೆನೋವಿಲ್ಲ. ಒಂದು ಸಲ ಎದ್ದೆ." ಅದನ್ನು ಬರೆದಿಟ್ಟು ಆಮೇಲೆ ಕಾರ್ಡ್ ನೋಡುವುದು.

ಈಗ ಬಿಪಿ ಇಳಿದಿದೆ. ತಲೆನೋವು ಹೋಗಿದೆ. ಬೆಳಗಿನ ಜಾವದ ಗುಂಪು ಅಪರೂಪ. ಲೀಕ್ ಇಲ್ಲ. ಗೆರೆ ದುಂಡಗೆ ಇದೆ. ಆದರೆ ಮಧ್ಯಾಹ್ನ ಗಂಜಿ ಊಟ ಮುಗಿದ ಮೇಲೆ ಅಮ್ಮನಿಗೆ ತಡೆಯಲಾಗದ ನಿದ್ದೆ ಬರುವುದು ನಿಂತಿಲ್ಲ. ಪೇಪರು ಹಿಡಿದುಕೊಂಡೇ ತೂಕಡಿಸುತ್ತಾಳೆ. ಮೆಷೀನಿನ ಪ್ರಕಾರ ಎಲ್ಲ ಸರಿ. ಹಾಗಂತ ಅಮ್ಮನ ಮಾತು ತಳ್ಳಿಹಾಕಲು ನಾನು ತಯಾರಿಲ್ಲ. ಚಿಕಿತ್ಸೆ ಸರಿಯಾಗಿ ನಡೆಯುತ್ತಿದ್ದರೂ ಕೆಲವರಿಗೆ ಹಗಲಿನ ನಿದ್ದೆ ಉಳಿಯುತ್ತದೆ. ಥೈರಾಯ್ಡ್ ಇರಬಹುದು, ರಕ್ತದಲ್ಲಿ ಕಬ್ಬಿಣ ಕಡಿಮೆ ಇರಬಹುದು, ಯಾವುದೋ ಮಾತ್ರೆಯದ್ದಾಗಿರಬಹುದು. ಇಲ್ಲವೇ ರಾತ್ರಿ ಆಮ್ಲಜನಕ ಇಳಿಯುತ್ತಿದ್ದು ಮೆಷೀನಿಗೆ ಅದು ಕಾಣದಿರಬಹುದು. ಕೋವಿಡ್ ಸಮಯದಲ್ಲಿ ತಂದ ಆಕ್ಸಿಮೀಟರು ಕಪಾಟಿನಲ್ಲಿದೆ. ಆದರೆ ಅದು ಆ ಕ್ಷಣದ ಅಂಕಿ ತೋರಿಸುತ್ತದೆ ಅಷ್ಟೇ, ರಾತ್ರಿಯಿಡೀ ಬರೆದಿಡುವುದಿಲ್ಲ. ಬರೆದಿಡುವಂಥದ್ದನ್ನು ಒಂದು ರಾತ್ರಿಗೆ ಹಾಕಿ ನೋಡೋಣ ಅಂತ ಡಾಕ್ಟರು ಹೇಳಿದ್ದಾರೆ. ಥೈರಾಯ್ಡಿಗೆ ಟಿಎಸ್‌ಎಚ್, ಕಬ್ಬಿಣಕ್ಕೆ ಫೆರಿಟಿನ್ ಪರೀಕ್ಷೆಗೂ ಬರೆದುಕೊಟ್ಟಿದ್ದಾರೆ. ರಕ್ತ ಕೊಟ್ಟು ಬಂದಿದ್ದೇವೆ, ರಿಪೋರ್ಟ್ ಸೋಮವಾರ ಸಿಗುತ್ತದೆ.